ಎರಡು ಔನ್ಸಿನ ಬಂದೂಕು

ಮೊಂಟಾನಾದ ಟ್ಯಾಮರಾಕ್ ಕೌಂಟಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವ ಪ್ರತಿಯೊಂದು ತಂಡವೂ ಹಗುರವೂ ನಿಯಮಬದ್ಧವೂ ಆದ ಬಂದೂಕೊಂದನ್ನು ಹೊಂದಿರತಕ್ಕದ್ದು ಎಂಬ ಆದೇಶ ಕಳೆದ ಜೂನ್‌ನಿಂದ ಜಾರಿಯಲ್ಲಿದೆ. ಕರಡಿಯೊಂದು ಕೌಂಟಿ ಕಮಿಷನರರ ಕೈಯಿಂದ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡ ದುರ್ಘಟನೆಯನ್ನು ಕೂಲಂಕಷವಾಗಿ ಪರಿಶೀಲಿಸಿದ ಮೇಲೆಯೇ ಇದನ್ನು ಹೊರಡಿಸಲಾಯಿತು.

ನಿವೃತ್ತ ಅಂಚೆಯಣ್ಣ ಲೊವೆಲ್ ಹೌಗೆನ್‌ಗೆ ಆದೇಶದ ಮೇಲೆ ತಕರಾರೇನೂ ಇರಲಿಲ್ಲ. ತಕರಾರು ಇದ್ದದ್ದು ಅವನ ಮಂಡಿಗೆ. ಇಪ್ಪತ್ತೈದು ಪೌಂಡಿಗಿಂತ ಒಂದು ಔನ್ಸ್ ಹೆಚ್ಚು ಹೊರಕೂಡದೆಂದು ಡಾಕ್ಟರು ಹೇಳಿದ್ದರು. ಆದರೆ ಮದುವೆಯ ನಲವತ್ತನೆಯ ವರ್ಷಕ್ಕೆ ಹೆಂಡತಿ ವರ್ನಾಳನ್ನು ಬ್ಲೂಬೆಲ್ ಸರೋವರಕ್ಕೆ ಕರೆದೊಯ್ಯುವುದಾಗಿ ಅವನು ಮಾತು ಕೊಟ್ಟಿದ್ದ. "ಈ ಸಲಾನೂ ಕೈಕೊಟ್ರೆ ಚರ್ಚಿನ ಹೆಂಗಸರ ಜೊತೆ ಬಸ್ ಹತ್ಕೊಂಡು ಲಾಸ್ ವೇಗಾಸ್‌ಗೆ ಹೋಗ್ತೀನಿ ನೋಡು," ಎಂದು ಅವಳೂ ಮಾತು ಕೊಟ್ಟಿದ್ದಳು.

ಲೊವೆಲ್ ಅಡಿಗೆಮನೆಯ ತಕ್ಕಡಿ ಇಟ್ಟುಕೊಂಡು ಕೂತ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದು ಎಸೆದ. ಅಂಗಿಗಳ ಚೀಟಿ ಕಿತ್ತ, ನಕ್ಷೆಯ ಅಂಚು ಕತ್ತರಿಸಿದ, ಕಾಫಿ ಪಾತ್ರೆಯನ್ನು ಕೈಬಿಟ್ಟ. ಅಲ್ಲಿಯ ಚಾರಣಿಗರೆಲ್ಲ ಹೀಗೆಯೇ. ಉದ್ದ ಹಿಡಿಯ ಚಮಚ ಒಯ್ಯುವವನನ್ನು ದುಂದುಗಾರನೆಂದೇ ಎಣಿಸುತ್ತಾರೆ. ಬಂದೂಕಿಗೆಂದು ಐದು ಪೌಂಡ್ ಉಳಿಯಿತು.

ಅಂಗಡಿಯಿಂದ ಮೂರೂವರೆ ಪೌಂಡಿನ, ಎರಡು ತುಂಡಾಗಿ ಬಿಚ್ಚಿಡಬಹುದಾದ ಬಂದೂಕೊಂದನ್ನು ತಂದು ಪರವಾನಗಿ ಕಚೇರಿಯ ಡೊರೀನ್ ಪ್ರೂಯಿಟ್ ಮುಂದಿಟ್ಟ.

"ಎರಡು ತುಂಡಾಗತ್ತಲ್ಲ ಸರ್, ಹಾಗಾದ್ರೆ ಎರಡು ಬಂದೂಕು," ಎಂದಳು ಆಕೆ. "ಎರಡರ ನಳಿಕೆಯೂ ಹದಿನಾರು ಇಂಚಿಗಿಂತ ಗಿಡ್ಡ. ಎರಡೂ ಅಪರಾಧ."

ಮಾರನೆಯ ದಿನ ಅಖಂಡ ಬಂದೂಕು ತಂದ. ನಾಲ್ಕೂವರೆ ಪೌಂಡ್. ಡೊರೀನ್ ಮೆಚ್ಚಿದಳು. "ಇದನ್ನ ಉಕ್ಕಿನ ಪೆಟ್ಟಿಗೇಲಿ ಬೀಗ ಹಾಕಿ ಒಯ್ಯಬೇಕು. ಪೆಟ್ಟಿಗೆ ಒಂಬತ್ತು ಪೌಂಡ್. ಕೀಲಿ ಇಲ್ಲೇ ನಮ್ಮ ಹತ್ರ ಇರತ್ತೆ."

"ಕರಡಿ ಬಂದ್ರೆ ಏನ್ ಮಾಡ್ಲಿ ಮೇಡಂ?"

"ಐದು ಗಂಟೆವರೆಗೂ ಕಚೇರಿ ತೆಗೆದಿರತ್ತೆ."

ಲೊವೆಲ್‌ನ ಮುಖ ಬಾಡಿತು. ಡೊರೀನ್ ಕಲ್ಲು ಮನಸ್ಸಿನವಳಲ್ಲ. ದನಿ ತಗ್ಗಿಸಿ ಅನುಬಂಧ ಏಳನ್ನು ಓದಿದಳು: "'ಬಂದೂಕು, ಅಥವಾ ಅದರ ದೃಢೀಕೃತ ನಕಲು.' ಬುದ್ಧಿವಂತರೆಲ್ಲ ನಕಲನ್ನೇ ಒಯ್ತಾರೆ ಸರ್."

ಅಸಲು ಬಂದೂಕನ್ನು ಜೆರಾಕ್ಸ್ ಯಂತ್ರದ ಮೇಲಿಟ್ಟು ನಕಲು ತೆಗೆದರು. ಎರಡು ಮೊಹರು ಬಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಳಿಕೆ ಸರಿಯಾಗಿ ಹದಿನಾರು ಇಂಚು, ತೂಕ ಎರಡು ಔನ್ಸ್. ಇಷ್ಟು ಹಗುರದ ಬಂದೂಕನ್ನು ಲೊವೆಲ್ ಜನ್ಮದಲ್ಲಿ ಕಂಡಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಮನೆಗೆ ಬಂದವನೇ ಕತ್ತರಿ ತೆಗೆದು ಅದರ ಅಂಚನ್ನೂ ಕತ್ತರಿಸಿದ.

ಬೆಟ್ಟದ ಬುಡದಲ್ಲಿ ಅರಣ್ಯ ರಕ್ಷಕ ಕೋಡಿ ವಿಕರ್ಸ್ ಟೇಪು ಹಿಡಿದು ನಳಿಕೆ ಅಳೆದ. "ಹದಿನೈದೂಕಾಲು ಇಂಚು. ಗಿಡ್ಡ ನಳಿಕೆಯ ಕಾಗದ ಇದು ಹೌಗೆನ್ ಅವರೇ. ಬೆಟ್ಟಕ್ಕೆ ಬಿಡಲ್ಲ, ಸ್ಟೇಷನ್‌ಗೆ ಬಿಡ್ತೀನಿ."

ಲೊವೆಲ್‌ಗೆ ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ.

ವರ್ನಾ ತನ್ನ ಚೀಲಕ್ಕೆ ಕೈಹಾಕಿ ಬ್ರಷ್ಷಿನ ಹಿಡಿ ತೆಗೆದಳು. ಪೈನ್ ಮರದ ಅಂಟು ಮೆತ್ತಿ ಕಾಗದದ ನಳಿಕೆಯ ತುದಿಗೆ ಅಂಟಿಸಿದಳು. ಕೋಡಿ ಅರ್ಧ ಗಂಟೆ ಕಾದು, ಎಳೆದು ನೋಡಿ, ಮತ್ತೆ ಅಳೆದ. "ಹದಿನೆಂಟು. ಶಾಶ್ವತ ಜೋಡಣೆ, ಲೆಕ್ಕಕ್ಕೆ ಬರತ್ತೆ. ಹೋಗಿ ಬನ್ನಿ."

"ಅದನ್ನ ನಾನು ಎಸೆದಿದ್ದೆ ಕಣೆ!" ಎಂದ ಲೊವೆಲ್, ದಾರಿಯಲ್ಲಿ.

"ನಲವತ್ತು ವರ್ಷದಿಂದ ನೀನು ಎಸೆದಿದ್ದನ್ನ ಹೊತ್ತಿರೋಳು ಯಾರು ಅಂದ್ಕೊಂಡೆ? ನಡಿ, ನಡಿ." ಅವಳ ಚೀಲದಲ್ಲಿ ಕಾಫಿ ಪಾತ್ರೆ ಗಣಗಣ ಅಂದಿತು.

ಸರೋವರದ ದಂಡೆಗೆ ಕರಡಿ ಬಂತು. ಲೊವೆಲ್ ನಿಯಮದಂತೆ ನಕಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಕರಡಿ ಅದನ್ನು ಸಾವಕಾಶವಾಗಿ ನೋಡಿ, ಹ್ಯಾಮಿನ ಪೊಟ್ಟಣ ಎತ್ತಿಕೊಂಡು ಹೋಯಿತು. ಗಂಡಹೆಂಡಿರು ಕಾಫಿ ಕುಡಿದರು.

ಬಂದೂಕು ತೃಪ್ತಿಕರವಾಗಿ ಕೆಲಸ ಮಾಡಿತೆಂದು ಕಚೇರಿ ದಾಖಲಿಸಿದೆ. ಮುಂದಿನ ಜೂನ್‌ನಿಂದ ಎಲ್ಲ ನಕಲುಗಳಿಗೂ ಬ್ರಷ್ಷಿನ ಹಿಡಿ ಕಡ್ಡಾಯ. ಲೊವೆಲ್ ಹೊತ್ತ ಇಪ್ಪತ್ತು ಪೌಂಡಿನ ಲೆಕ್ಕವನ್ನು ಮಾದರಿ ಎಂದು ಗೋಡೆಗೆ ಅಂಟಿಸಿದ್ದಾರೆ. ವರ್ನಾ ಎಷ್ಟು ಹೊತ್ತಳೆಂದು ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಯಾರೂ ಕೇಳಿಯೂ ಇಲ್ಲ, ವರ್ನಾ ಕೂಡ.