ಅಪ್ಪ ತೋರಿಸಿದ ಗುಡ್ಡ, ಖಯ್ಯೂಮ್ ಭಾಯಿಯ ಉದ್ದ ಲೆನ್ಸು

ಬೀದರಿನ ಬಳಿ ಒಂದು ಪರ್ವತವಿದೆ ಎಂದು ಫೋಟೋ ಸಮೇತ ಸಾಧಿಸಿ ತೋರಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ನೀವು ನನ್ನನ್ನು ಗೌರವಿಸುವುದು ಕಷ್ಟ.

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕೂತು ಕಲಿತದ್ದು ಒಂದೇ ವಿದ್ಯೆ: ಸಂಶಯಪಡುವುದು. ಅಂದಿನಿಂದ ಜ್ಯೋತಿಷಿಯನ್ನು ನಂಬಿಲ್ಲ, ಹವಾಮಾನ ವರದಿಯನ್ನು ನಂಬಿಲ್ಲ, ತರಕಾರಿಯವಳ ತಕ್ಕಡಿಯನ್ನಂತೂ ನಂಬಿಯೇ ಇಲ್ಲ. ಐವತ್ತು ದಾಟಿದ ಮೇಲೆ ಹೊರಗೆ ಸಂಶಯಪಡಲು ಏನೂ ಉಳಿಯದೆ ಆ ಸಂಶಯ ನನ್ನ ನೆನಪಿನ ಮೇಲೆಯೇ ತಿರುಗಿತು. ಕಾರಣವೂ ಇತ್ತು. ಒಂದು ದಿನ ನಾನು ಪಾಠ ಮಾಡುವ ಕಾಲೇಜಿಗೆ ಸ್ಕೂಟರಿನಲ್ಲಿ ಹೋಗಿ ಆಟೋದಲ್ಲಿ ಮನೆಗೆ ಬಂದೆ. ಮರುದಿನ ಸ್ಕೂಟರ್ ಕಳುವಾಗಿದೆ ಎಂದು ಪೊಲೀಸರಿಗೆ ದೂರು ಬರೆಯಲು ಕೂತೆ! ಇನ್ನು ನೀರಿನ ಮೋಟರು. ಅದನ್ನು ಹಾಕುವುದು ನನಗೆ ನೆನಪಿರುತ್ತದೆ. ಬಂದ್ ಮಾಡುವುದು ಓಣಿಯವರಿಗೆ ನೆನಪಿರುತ್ತದೆ.

ನನ್ನ ಹೆಂಡತಿ ಸುನಂದಾ ಒಂದು ಸಂಜೆ ಚಹಾ ಕೊಡುತ್ತ ಮೆಲ್ಲಗೆ ಅಂದಳು, "ರೀ, ಒಮ್ಮೆ ಹೈದರಾಬಾದಿಗಿ ಹೋಗಿ ತಲಿ ತೋರಿಸ್ಕೊಂಡ್ ಬರೋಣ್ರಿ."

"ನನ್ನ ತಲಿಗೇನಾಗೇದ? ಆರು ವರ್ಷದಾಂವ ಇದ್ದಾಗಿನ ಮಾತು ಸುದ್ದಾ ನೆನಪದ ನನಗ!"

"ಒಂದ್ ಹೇಳ್ರಿ ನೋಡೋಣು."

ಹೇಳಿದೆ. ಅಪ್ಪ ಸಾಲಿ ಮಾಸ್ತರು. ಔರಾದ್ ಕಡೆಯ ಚಿಂತಾಕಿಯಲ್ಲೋ ಭಾಲ್ಕಿಯ ಕಡೆಯೋ ಇದ್ದರು. ಅದು ಮಾತ್ರ ಖಚಿತವಿಲ್ಲ. ಬೀದರಿಗೆ ವರ್ಗವಾಗಿ ಟ್ರಂಕು, ಹಾಸಿಗೆ ಸಮೇತ ಬರುತ್ತಿದ್ದೆವು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ದೂರದಲ್ಲಿ ನೀಲಿಯಾಗಿ ಚಾಚಿಕೊಂಡಿದ್ದ ಒಂದು ದೊಡ್ಡ ಗುಡ್ಡ ತೋರಿಸಿದರು. "ನೋಡಪ್ಪ, ಗುಡ್ಡ!" ಅಂದರು. ಆಮೇಲೆ ಇನ್ನೂ ಏನೋ ಅಂದರು. ಅದು ನೆನಪಿಲ್ಲ. ಎರಡು ವರ್ಷದಲ್ಲಿ ಅಪ್ಪ ತೀರಿಕೊಂಡರು. ಅವರ ಬಗ್ಗೆ ನನ್ನ ಬಳಿ ಇರುವ ಸ್ಪಷ್ಟ ನೆನಪು ಇದೊಂದೇ.

ಸುನಂದಾ ಅಪ್ಪನ ಬಗ್ಗೆ ಏನೂ ಅನ್ನಲಿಲ್ಲ. ಗುಡ್ಡದ ಬಗ್ಗೆ ಬಿಡಲಿಲ್ಲ. "ನಾ ಇಲ್ಲೇ ಬಗದಲ್‌ದಾಕಿ. ಹುಟ್ಟಿದಾಗಿಂದ ಈ ನೆಲಾ ನೋಡೇನಿ. ಎಲ್ಲಾ ರೊಟ್ಟಿ ಬಡದಂಗ ಸಪಾಟ ಅದ. ಗುಡ್ಡ ಎಲ್ಲಿಂದ ಬರಬೇಕ್ರಿ?"

ಹೀಗೆ ಪಂದ್ಯ ಬಿತ್ತು. ಗುಡ್ಡದ ಫೋಟೋ ತಂದರೆ ಆಕೆ ಈ ಜನ್ಮದಲ್ಲಿ "ಮೋಟರ್ ಬಂದ್ ಮಾಡೀರೇನು?" ಎಂದು ಕೇಳಕೂಡದು. ತರದಿದ್ದರೆ ನಾನು ತೆಪ್ಪಗೆ ಹೈದರಾಬಾದಿಗೆ ಹೋಗಬೇಕು. ಆಕೆಗೆ ಹೇಳದ ಮಾತೊಂದಿತ್ತು. ಗುಡ್ಡ ಸುಳ್ಳಾದರೆ ಗುಡ್ಡವೊಂದೇ ಹೋಗುವುದಿಲ್ಲ. ಅಪ್ಪನ ಹೆಗಲೂ ಹೋಗುತ್ತದೆ.

ಮೂರು ವಾರ ಇಂಟರ್‌ನೆಟ್ಟಿನಲ್ಲಿ ಪರ್ವತ ಛಾಯಾಗ್ರಹಣದ ಆಳವಾದ ಅಧ್ಯಯನ ನಡೆಸಿದೆ. ಹಿಮಾಲಯಕ್ಕೆ ಯಾವ ಲೆನ್ಸು, ಆಲ್ಪ್ಸ್‌ಗೆ ಯಾವ ಲೆನ್ಸು, ಎಲ್ಲವೂ ತಿಳಿಯಿತು. ಬೀದರಿಗೆ ಯಾವುದು ಎಂದು ಯಾರೂ ಬರೆದಿರಲಿಲ್ಲ. ಮದುವೆ ಫೋಟೋ ತೆಗೆಯುವ ಖಯ್ಯೂಮ್ ಭಾಯಿಯ ಸ್ಟುಡಿಯೋಗೆ ಹೋದೆ.

ಅವರು ಗಾಜಿನ ಮೇಜಿನ ಮೇಲೆ ಎರಡು ಲೆನ್ಸು ಇಟ್ಟರು. ಒಂದು ಮೊಳಕೈ ಉದ್ದದ್ದು, ಇನ್ನೊಂದು ಗಿಡ್ಡ. "ಸರ್, ಈ ಗಿಡ್ಡಂದ್ರಾಗ ಊಟದ ಪಂಗತಿ ಪೂರಾ ಬರ್ತದ. ಈ ಉದ್ದಂದು ಜಿಂಕಿ ತೆಗಿಯೋ ಶೌಕ್ ಇತ್ತಂತ ತಗೊಂಡಿದ್ದೆ. ಇದ್ರಾಗ ದುಲ್ಹನ್‌ದು ಮೂಗುತಿ ಒಂದೇ ಬರ್ತದ. ನಿಮ್ಮ ಗುಡ್ಡ ಪಂಗತಿ ಏನು, ಮೂಗುತಿ ಏನು, ನೀವೇ ಹೇಳ್ರಿ."

"ಪರ್ವತದ ವೈಶಾಲ್ಯವನ್ನು ಹಿಡಿಯಲು ಅಗಲ ಲೆನ್ಸೇ ಬೇಕು," ಎಂದು ಅಧ್ಯಯನದ ಬಲದಿಂದ ಘೋಷಿಸಿ, ಅವರ ಕ್ಯಾಮೆರಾಕ್ಕೆ ಗಿಡ್ಡ ಲೆನ್ಸು ಹಾಕಿಸಿಕೊಂಡು ಹೊರಟೆ.

ಮೊದಲು ಭಾಲ್ಕಿ. ಟ್ರೆಕ್ಕಿಂಗ್ ಬೂಟು, ಹ್ಯಾಟು, ಬೆನ್ನಿಗೆ ಚೀಲ. ಎರಡು ತಾಸು ಹೊಲಗಳಲ್ಲಿ ಅಲೆದ ಮೇಲೆ, ನೆಲಕ್ಕೆ ಮೊಣಕಾಲೂರಿ ಕ್ಯಾಮೆರಾದಲ್ಲಿ ನೋಡಿದೆ. ಆಹಾ! ಮುಂದೆ ಬಂಗಾರದ ಬಣ್ಣದ ಶಿಖರ, ಹಿಂದೆ ಮೋಡ! ಹದಿನಾರು ಫೋಟೋ ಹೊಡೆದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಶಿಖರಾರೋಹಣವನ್ನೂ ಆರಂಭಿಸಿದೆ. ಮೂರನೇ ಹೆಜ್ಜೆಗೆ ಸೊಂಟದವರೆಗೆ ಹುಗಿದುಹೋದೆ!

ಹೊಲದ ಮಾಲೀಕ ಓಡಿ ಬಂದ. "ಯಾಕ್ರಿ ಸಾಹೇಬ್ರೆ, ಏನ್ ಕಳಕೊಂಡೀರಿ ಅದ್ರಾಗ? ಅದು ಸೋಯಾಬೀನ್ ಹೊಟ್ಟ್ರಿ!"

ಅಗಲ ಲೆನ್ಸಿನ ಗುಣವೇ ಅದು. ಹತ್ತಿರದ್ದನ್ನು ಪರ್ವತ ಮಾಡುತ್ತದೆ, ಪರ್ವತವನ್ನು ಇರುವೆ ಮಾಡುತ್ತದೆ. ಆ ರಾತ್ರಿ ಸುನಂದಾ ನನ್ನ ಅಂಗಿ ಜಾಡಿಸುತ್ತ, "ಹೈದರಾಬಾದಿಗಿ ಯಾವಾಗ?" ಎಂದಷ್ಟೇ ಕೇಳಿದಳು.

ಮುಂದಿನ ಭಾನುವಾರ ಔರಾದ್ ರಸ್ತೆ. ಈ ಸಲ ಉದ್ದ ಲೆನ್ಸು. ಬೆಳಿಗ್ಗೆ ಸುನಂದಾ ಊರೊಳಗಿನ ಅಕ್ಕನ ಮನೆಗೆ ಹೋಗಿದ್ದಳು. ನಾನೊಬ್ಬನೇ ಮನೆಗೆ ಬೀಗ ಹಾಕಿ ಸ್ಕೂಟರಿನಲ್ಲಿ ಹೊರಟೆ. ಹಿಂದಿನ ದಿನ ಮಳೆ ಬಿದ್ದು ಗಾಳಿ ತೊಳೆದಿಟ್ಟಂತಿತ್ತು. ಸ್ವಲ್ಪ ದೂರ ಹೋದ ಮೇಲೆ ಒಂದು ದಿನ್ನೆ ಕಂಡಿತು. ಅದನ್ನು ತಲುಪಲು ಬಂಡಿ ದಾರಿಯಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿ ದಿಕ್ಕು ತಪ್ಪಿಸಿಕೊಂಡೆ. ಏದುಸಿರು ಬಿಡುತ್ತ ಹತ್ತಿ ಮೇಲೆ ನಿಂತು ನೋಡುತ್ತೇನೆ...

ಗುಡ್ಡ!

ನೀಲಿ. ಉದ್ದಕ್ಕೆ ಚಾಚಿಕೊಂಡ ಗುಡ್ಡ. ಅದೇ! ನನ್ನ ಕಣ್ಣು ಮಂಜಾಯಿತು. ಲೆನ್ಸಿನ ಮುಚ್ಚಳ ತೆಗೆದಿಲ್ಲವೇನೋ ಎಂದು ಸಂಶಯಪಟ್ಟೆ. ಅಲ್ಲ, ಕಣ್ಣೀರೇ.

ಉದ್ದ ಲೆನ್ಸು ಕೈಯಲ್ಲಿ ನಿಲ್ಲುವುದಿಲ್ಲ. ಉಸಿರಾಡಿದರೆ ಪರ್ವತ ಕುಣಿಯುತ್ತದೆ. ಮುಕ್ಕಾಲಿ ತೆಗೆಯಲು ಚೀಲ ಬಿಚ್ಚಿದೆ. ಒಳಗೆ ಕೊಡೆ ಇತ್ತು! ಪಕ್ಕದಲ್ಲಿ ಒಬ್ಬರು ಮುದುಕರು ಕುರಿ ಮೇಯಿಸುತ್ತಿದ್ದರು. ಅವರನ್ನು ಬೇಡಿಕೊಂಡು ಮುಂದೆ ಕೂಡಿಸಿ, ಹೆಗಲ ಮೇಲೆ ಲೆನ್ಸು ಇಟ್ಟೆ.

"ಎರಡ್ ನಿಮಿಷ ಉಸರ್ ಹಿಡೀರಿ ಅಜ್ಜಾ."

"ಈ ವಯಸ್ಸಿನ್ಯಾಗ ಎರಡ್ ನಿಮಿಷ ಹಿಡದ್ರ ಆಮ್ಯಾಲ ಬಿಡೂದೇ ಬ್ಯಾಡ ಆಗ್ತದ್ರಿ."

ಅಷ್ಟರಲ್ಲಿ ಸುನಂದಾಳ ಫೋನು. "ರೀ, ಮೋಟರ್ ಬಂದ್ ಮಾಡೀರೇನು?"

"ಮಾಡೀನಿ! ಬಟನ್ ಒತ್ತಿದ್ದು ಕಣ್ಣಿಗಿ ಕಟ್ಟಿದಂಗ ನೆನಪದ! ಮತ್ತ ಕೇಳು, ಇದು ನೀ ಕೇಳೂ ಕಡೀ ಸಲ. ಗುಡ್ಡ ಸಿಕ್ತು!"

ಆಕೆ ಇನ್ನೇನಾದರೂ ಅನ್ನುವ ಮೊದಲೇ ಫೋನು ಕಟ್ ಮಾಡಿದೆ. ವಿಜಯ ಎಷ್ಟು ಸಿಹಿ!

ಫೋಟೋ ಹೊಡೆದೆ. ಖಯ್ಯೂಮ್ ಭಾಯಿ ಹೇಳಿದಂತೆ ಮೂಗುತಿ ಮೂಗುತಿಯಾಗಿಯೇ ಬಂತು. ಗುಡ್ಡ ಹನ್ನೊಂದು ಫೋಟೋಗಳಲ್ಲಿ ಹನ್ನೊಂದು ತುಂಡಾಯಿತು. ಕೊನೆಗೆ ಅಜ್ಜನನ್ನು ಕೇಳಿದೆ, "ಆ ಗುಡ್ಡಕ್ಕ ಏನಂತಾರ್ರಿ?"

ಅವರು ಗುಡ್ಡ ನೋಡಿದರು, ನನ್ನನ್ನು ನೋಡಿದರು. "ನೀವ್ ಎಲ್ಲಿಂದ ಬಂದೀರಿ?"

"ಬೀದರಿಂದ."

ಅಜ್ಜ ಕೆಮ್ಮು ಬರುವವರೆಗೆ ನಕ್ಕರು.

"ಅದನ್ನ ಹತ್ತಲಿಕ್ಕಾಗ್ತದೇನ್ರಿ?" ಎಂದೆ ಗಂಭೀರವಾಗಿ.

"ದಿನಾ ಹತ್ತತಾರ್ರಿ. ನನ್ನ ಸೊಸಿ ಹಾಲಿನ ಕ್ಯಾನ್ ಹೊತ್ಕೊಂಡು ಬಸ್ಸಿನ್ಯಾಗ ಹತ್ತತಾಳ!"

ಪರ್ವತಕ್ಕೆ ಬಸ್ಸು! ಸ್ಥಳೀಯರ ಹೇಳಿಕೆಗಳನ್ನು ಪರಿಶೀಲಿಸದೆ ಸ್ವೀಕರಿಸಬಾರದು ಎಂದುಕೊಂಡು, ನಾನೇ ಹತ್ತುವುದೆಂದು ಸ್ಕೂಟರನ್ನು ಗುಡ್ಡದ ಕಡೆಗೆ ತಿರುಗಿಸಿದೆ. ಡಾಂಬರು ರಸ್ತೆ ಸಿಕ್ಕಿತು. ಏರು ಬಂತು. ಸ್ಕೂಟರ್ ಗೊರಗೊರ ಅಂದಿತು. ಪೆಟ್ರೋಲಿನ ಮೇಲೆ ಸಂಶಯಪಟ್ಟೆ. ಮೇಲೆ ಬಂದು ನೋಡುತ್ತೇನೆ, ಗುಡ್ಡ ಮಾಯ! ಎದುರಿಗೆ ಬೀದರ್!

ಇರಲಿ, ಆರೋಹಣ ಇನ್ನೊಂದು ದಿನ. ಸಾಕ್ಷ್ಯವಂತೂ ಕೈಯಲ್ಲಿದೆ. ನೇರ ಸ್ಟುಡಿಯೋಗೆ ಹೋಗಿ ಸುನಂದಾಳನ್ನೂ ಅಲ್ಲಿಗೇ ಕರೆಸಿದೆ. ಖಯ್ಯೂಮ್ ಭಾಯಿ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ನನ್ನ ಕಡೆ ಸರಿಯಾಗಿ ಕೆಲಸ ಮಾಡುವ ಮೆಮೊರಿ ಅದೊಂದೇ. ಹನ್ನೊಂದು ತುಂಡು ಜೋಡಿಸಿದರು. ಪರದೆಯ ತುಂಬ ಗುಡ್ಡ ಎದ್ದು ನಿಂತಿತು.

ಸುನಂದಾ ಬಹಳ ಹೊತ್ತು ನೋಡಿದಳು. "ಖರೇನೇ ಅದರಿ," ಅಂದಳು. "ಸೋತೆ. ನಿಮ್ಮ ತಲಿ ಛಲೋ ಅದ." ಅವಳ ದನಿ ನಡುಗಿತು. ಇಷ್ಟು ದಿನ ಅವಳೂ ಹೆದರಿದ್ದಳು ಎಂದು ನನಗೆ ಗೊತ್ತಾದದ್ದು ಆಗಲೇ.

"ಮಾಶಾಅಲ್ಲಾ ಸರ್!" ಖಯ್ಯೂಮ್ ಭಾಯಿ ಕೂಗಿದರು. "ಗುಡ್ಡದ ಅಂಚಿಗಿ ಝರಿ ಭೀ ಅದ! ನೋಡ್ರಿ, ನೀರು ಹ್ಯಾಂಗ ಹೊಳೀತದ!"

ಜಲಪಾತ! ಬೀದರಿಗೆ ಪರ್ವತವನ್ನಷ್ಟೇ ಅಲ್ಲ, ಜಲಪಾತವನ್ನೂ ದೊರಕಿಸಿಕೊಟ್ಟಿದ್ದೆ! ನಾನು ಕುರ್ಚಿಯಿಂದ ಎದ್ದು ನಿಂತೆ.

"ಭಾಯಿ, ಆ ಝರಿ ಜರಾ ದೊಡ್ಡದು ಮಾಡ್ರಿ," ಅಂದಳು ಸುನಂದಾ. ಅವರು ದೊಡ್ಡದು ಮಾಡಿದರು. ಜಲಪಾತ ಒಂದು ಬಿಳಿ ಗೋಡೆಯ ಮೇಲಿಂದ ಇಳಿಯುತ್ತಿತ್ತು. ಇನ್ನೂ ದೊಡ್ಡದು ಮಾಡಿದರು. ಗೋಡೆಯ ಮೇಲೆ ಒಂದು ಕರೀ ಟ್ಯಾಂಕು. ಅದರ ಮೇಲೆ ಮುಚ್ಚಳದ ಬದಲು ಬೋರಲು ಹಾಕಿದ ಡಿಶ್ ಆಂಟೆನಾ. ಕಳೆದ ಮಳೆಗಾಲದಲ್ಲಿ ಮುಚ್ಚಳ ಹಾರಿಹೋದಾಗ ಅದನ್ನು ಹಾಕಿದವನು ನಾನೇ. ಪಕ್ಕದಲ್ಲಿ ಒಣಗಲು ಹಾಕಿದ ಕೆಂಪು ಸೀರೆ.

"ಅದು ನನ್ನ ಸೀರಿ," ಅಂದಳು ಸುನಂದಾ.

ಊರಂಚಿನ ನಮ್ಮ ಮನೆ. ನೆತ್ತಿ ಸಪಾಟಾದ ಗುಡ್ಡ. ಅದರ ಮೇಲೆ ಬೀದರ್ ಶಹರು. ಆ ರಸ್ತೆಯಲ್ಲಿ ನೂರು ಸಲ ಮರಳಿದ್ದೇನೆ. ನೂರು ಸಲವೂ ಬಸ್ಸಿನಲ್ಲಿ ನಿದ್ದೆ.

ಆಗ, ನಾಲ್ಕೂವರೆ ದಶಕಗಳ ಆಚೆಯಿಂದ, ಅಪ್ಪನ ಮಾತಿನ ಉಳಿದರ್ಧ ಬಂದು ನನ್ನ ಕಿವಿಗೆ ಮುಟ್ಟಿತು. "ನೋಡಪ್ಪ, ಗುಡ್ಡ! ನಾಳಿಂದ ನಮ್ಮ ಮನಿ ಅದರ ಮ್ಯಾಲೇ."

ಅದನ್ನು ಇಬ್ಬರಿಗೂ ಹೇಳಿದೆ. ಖಯ್ಯೂಮ್ ಭಾಯಿ ಟೋಪಿ ಸರಿಮಾಡಿಕೊಂಡರು. ಸುನಂದಾ ನನ್ನ ತೋಳು ಹಿಡಿದಳು. ಬಾಯಿ ತೆರೆದಳು, "ರೀ, ಮೋ..." ಎಂದು ತಟ್ಟನೆ ತಡೆದಳು. ಪಂದ್ಯ ಪಂದ್ಯವೇ! ಆಕೆ ಖಯ್ಯೂಮ್ ಭಾಯಿಯ ಕಡೆ ತಿರುಗಿದಳು.

"ಖಯ್ಯೂಮ್ ಭಾಯಿ, ನನಗ ಕೇಳೂ ಹಕ್ಕಿಲ್ಲ. ಆ ಝರಿ ಯಾರ್ ಬಂದ್ ಮಾಡಬೇಕಂತ ನೀವೇ ಇವ್ರಿಗಿ ಕೇಳ್ರಿ."

ನಾನು ಆಗಲೇ ಸ್ಕೂಟರ್ ಕಡೆ ಓಡುತ್ತಿದ್ದೆ. ಆಟೋದಲ್ಲಿ ಅಲ್ಲ, ಗಮನಿಸಿ.

ಈಗ ಆ ಫೋಟೋ ಚೌಕಟ್ಟು ಹಾಕಿಸಿಕೊಂಡು ನಮ್ಮ ಪಡಸಾಲೆಯಲ್ಲಿದೆ. ಹೈದರಾಬಾದಿನ ಮಾತು ನಿಂತಿದೆ. ಬಂದವರೆಲ್ಲ ಗುಡ್ಡವನ್ನು ಮೆಚ್ಚಿ, ಆ ಜಲಪಾತ ನೋಡಲು ಯಾವಾಗ ಹೋಗಬೇಕು ಎಂದು ಕೇಳುತ್ತಾರೆ. ಸುನಂದಾ ನನ್ನ ಮುಖ ನೋಡುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು ವಿವರಿಸುತ್ತೇನೆ: ಅದು ವರ್ಷವಿಡೀ ಹರಿಯುವುದಿಲ್ಲ, ನಾನು ಮರೆತ ದಿನ ಮಾತ್ರ.