ಗುರುವಿನ ಮೇಲೆ ಹಲ್ಲಿ

ಹಾಲಿನ ಡೈರಿಯ ಕಾರ್ಯದರ್ಶಿಯಾದವನು ಟೆಲಿಸ್ಕೋಪ್ ಕೊಳ್ಳಬಾರದು ಎಂದು ಸಂಘದ ಯಾವ ಬೈಲಾದಲ್ಲೂ ಬರೆದಿಲ್ಲ. ಆದ್ದರಿಂದ ನಾನು ಕೊಂಡೆ.

ನನ್ನ ಹೆಂಡತಿ ಸಾವಿತ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ರಾಯಚೂರಿನ ಕಡೆಗೆ ವರ್ಗವಾಗಿ ಎರಡು ವರ್ಷವಾಯಿತು. ಮಕ್ಕಳಿಲ್ಲ. ನೊಣವಿನಕೆರೆಯಿಂದ ಒಳಗಿರುವ ನಮ್ಮೂರಿನಲ್ಲಿ ನಾನು ದಿನಕ್ಕೆರಡು ಹೊತ್ತು ಇಡೀ ಊರಿನ ಮುಖ ನೋಡುತ್ತೇನೆ, ನಿಜ. ಆದರೆ ಅವರು ನನ್ನೊಡನೆ ಆಡುವ ಮಾತು ಒಂದೇ: "ಫ್ಯಾಟ್ ಎಷ್ಟು ಬಂತು?" ನಾನು ಹೇಳುತ್ತೇನೆ. ಅವರು ಮುಖ ಗಂಟಿಕ್ಕಿಕೊಂಡು ಹೋಗುತ್ತಾರೆ. ಸಂಜೆ ಆರೂವರೆಗೆ ಡೈರಿಯ ಬಾಗಿಲು ಹಾಕಿದರೆ ಮರುದಿನ ಬೆಳಗಿನವರೆಗೂ ನನ್ನ ಬಾಯಿಗೆ ರಜೆ. ಒಂದು ದಿನ ಕುಕ್ಕರ್ ಕೂಗಿದಾಗ "ಬಂದೆ, ಬಂದೆ" ಎಂದು ಉತ್ತರ ಕೊಟ್ಟೆ. ಅವತ್ತೇ ತೀರ್ಮಾನಿಸಿದೆ, ನನಗೊಂದು ಹವ್ಯಾಸ ಬೇಕು!

ಟೆಲಿಸ್ಕೋಪ್ ಕೊರಿಯರ್‌ನಲ್ಲಿ ಬಂತು. ಜೋಡಿಸಿ ಹಿತ್ತಲಿಗೆ ಹೊತ್ತು ತಂದಾಗ ಮೊದಲನೆಯ ಸತ್ಯ ಗೋಚರವಾಯಿತು. ನಮ್ಮ ಹಿತ್ತಲಿಗೆ ಆಕಾಶವೇ ಇಲ್ಲ! ಎಲ್ಲ ಕಡೆಯೂ ತೆಂಗಿನ ಗರಿ. ಮೂಡಣಕ್ಕೊಂದು, ಪಡುವಣಕ್ಕೊಂದು ಮೊರದಗಲದ ಕಿಂಡಿ ಬಿಟ್ಟರೆ ಬೇರೆ ದಾರಿಯಿಲ್ಲ. ಗ್ರಹ ತಾನಾಗಿ ಆ ಕಿಂಡಿಗೆ ಬರುವವರೆಗೆ ಕಾಯಬೇಕು.

ಎರಡನೆಯ ಸತ್ಯವೆಂದರೆ ಅದರಲ್ಲಿ ಎಲ್ಲವೂ ತಲೆಕೆಳಗು. ತೆಂಗಿನ ಮರಗಳು ಮೇಲಿನಿಂದ ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಮಾಲು ಕೆಟ್ಟಿದೆ ಎಂದು ಮತ್ತೆ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತಿ, ಖಾರವಾದ ಪತ್ರವನ್ನೂ ಬರೆದೆ. ಆಮೇಲೆ ಕೈಪಿಡಿ ಓದಿದೆ. ಚಿತ್ರ ತಲೆಕೆಳಗಾಗಿ ಕಾಣುವುದು ಸಹಜವಂತೆ. ಟೇಪು ಬಿಚ್ಚಿದೆ.

ಐದನೆಯ ಸಂಜೆ ಪಡುವಣ ಕಿಂಡಿಯಲ್ಲಿ ಶನಿ ಸಿಕ್ಕಿದ. ಅಕ್ಕಿಕಾಳಿನಷ್ಟು ಗಾತ್ರ, ಸುತ್ತ ಉಂಗುರ! ಮೈ ಜುಮ್ಮೆಂದಿತು. "ನೋಡು ಬಾರೇ!" ಎಂದು ಕೂಗಿ ಹಿಂದಕ್ಕೆ ತಿರುಗಿದೆ. ತಂತಿಯ ಮೇಲೆ ನನ್ನ ಬನಿಯನ್ ಒಣಗುತ್ತಿತ್ತು.

ಫೋನ್ ಮಾಡಿದೆ. "ಸಾವಿತ್ರಿ, ಶನಿ ಸಿಕ್ಕಿದ ಕಣೇ!"

"ಅಯ್ಯೋ, ಯಾರಿಗ್ರೀ? ಶಾಂತಿ ಎಲ್ಲಿ ಮಾಡಿಸ್ಬೇಕಂತೆ?"

"ಟೆಲಿಸ್ಕೋಪಲ್ಲಿ ಕಣೇ! ಉಂಗುರ ಕಾಣ್ತು!"

"ಓ, ಅದಾ. ಒಬ್ರೇ ನೋಡ್ತಾ ನಿಂತ್ಕೋಬೇಡಿ. ನಾಲ್ಕು ಜನಾನ ಕರೀರಿ. ಊಟ ಆಯ್ತಾ?"

ನಾಲ್ಕೇ ಜನ ಏಕೆ? ಊರನ್ನೇ ಕರೆಯುತ್ತೇನೆ! ಮರುದಿನ ಬೆಳಿಗ್ಗೆ ಡೈರಿಯ ಸಾಲಿನ ಮುಂದೆ ಸ್ಟೂಲಿನ ಮೇಲೆ ನಿಂತೆ. "ಮಾನ್ಯ ಹಾಲು ಉತ್ಪಾದಕರೇ, ಬರುವ ಶನಿವಾರ ಸಂಜೆ ನಮ್ಮ ಹಿತ್ತಲಿನಲ್ಲಿ ಶನಿಯ ದರ್ಶನ ಏರ್ಪಡಿಸಲಾಗಿದೆ. ತಾವೆಲ್ಲರೂ ಕುಟುಂಬ ಸಮೇತ ದಯಮಾಡಿಸಬೇಕು."

ಸಾಲು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

ಪಕ್ಕದ ತೋಟದ ರಂಗಪ್ಪ ಕ್ಯಾನು ಕೆಳಗಿಟ್ಟರು. "ಅಲ್ಲಾ ಸೆಕ್ರೆಟ್ರಪ್ಪ, ಅವ್ನು ನಮ್ಮನ್ನ ನೋಡ್ದಂಗಿದ್ರೆ ಸಾಕು ಅಂತ ವಾರವಾರ ಎಳ್ಳೆಣ್ಣೆ ಸುರೀತೀವಿ. ನೀನು ನೋಡುದ್ರೆ ನೀವೇ ಬಂದು ಬಗ್ಗಿ ನೋಡ್ರಪ್ಪ ಅಂತೀಯಲ್ಲ!"

ಶನಿವಾರ ದೊಡ್ಡ ಬೋಗುಣಿಯ ತುಂಬ ಮಂಡಕ್ಕಿ ಕಲಸಿಟ್ಟು, ಪಕ್ಕದ ಮನೆಯಿಂದ ಕುರ್ಚಿ ತಂದು ಸಾಲಾಗಿ ಹಾಕಿ ಕಾದೆ. ಬೀದಿಯಲ್ಲಿ ಹೋಗುವವರು ಕೂಡ ನಮ್ಮ ಮನೆಯ ಮುಂದೆ ಬಂದಾಗ ಕಾಲು ಬೀಸಿ ನಡೆದರು. ಕುರ್ಚಿಗಳನ್ನು ನಾನೇ ವಾಪಸ್ ಕೊಟ್ಟು ಬಂದೆ. ಮೂರು ದಿನ ಮೂರು ಹೊತ್ತೂ ಮಂಡಕ್ಕಿ ತಿಂದೆ.

ನಾಲ್ಕನೆಯ ದಿನ ನನ್ನೊಳಗಿನ ಕಾರ್ಯದರ್ಶಿ ಎಚ್ಚರಗೊಂಡ. ಮತ್ತೆ ಸ್ಟೂಲ್ ಹತ್ತಿದೆ. "ಗುರುವಾರ ಸಂಜೆ ಗುರುಗ್ರಹದ ದರ್ಶನ! ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿರುವವರು ವಿಶೇಷವಾಗಿ ಬರಬಹುದು." ಕೊನೆಯ ವಾಕ್ಯಕ್ಕೆ ವಿಜ್ಞಾನದ ಬೆಂಬಲವಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಗುರುವಾರ ಏಳು ಗಂಟೆಗೆ ಹಿತ್ತಲು ತುಂಬಿಹೋಯಿತು! ಕೆಲವರ ಕೈಯಲ್ಲಿ ಜಾತಕ, ಕೆಲವರ ಕೈಯಲ್ಲಿ ಬಾಳೆಹಣ್ಣು. ಯಾರೋ ಟೆಲಿಸ್ಕೋಪಿಗೆ ಸೇವಂತಿಗೆ ಹೂವು ಮುಡಿಸಿದರು. ಗಾಜಿಗೆ ಕುಂಕುಮ ಇಡಲು ಬಂದ ಬೆರಳನ್ನು ಕಡೇ ಗಳಿಗೆಯಲ್ಲಿ ಹಿಡಿದುಕೊಂಡೆ. ಎರಡು ವರ್ಷದ ಮೇಲೆ ನಮ್ಮ ಮನೆಯ ಲೋಟಗಳೆಲ್ಲ ಒಟ್ಟಿಗೆ ಹೊರಗೆ ಬಂದವು. ಟೀ ಸೋಸುತ್ತ, ಹಿತ್ತಲಿನ ಗದ್ದಲ ಕೇಳುತ್ತ, ನಾನು ಒಂದು ನಿಮಿಷ ಅಡುಗೆಮನೆಯಲ್ಲೇ ಸುಮ್ಮನೆ ನಿಂತಿದ್ದೆ.

ಮೂಡಣ ಕಿಂಡಿಯಲ್ಲಿ ಗುರುವನ್ನು ಹಿಡಿದಿಟ್ಟು ಮೊದಲು ರಂಗಪ್ಪನವರನ್ನು ಕರೆದೆ. ಅವರು ಆರಡಿ ಆಳು. ನೋಡಿದರು. "ಇಷ್ಟೇನಾ? ಕಡ್ಲೆಕಾಳಿನಷ್ಟೂ ಇಲ್ವಲ್ಲ!"

ಆಮೇಲೆ ಪುಟ್ಟತಾಯಮ್ಮ ಮೊಮ್ಮಗಳ ಜಾತಕ ಹಿಡಿದು ಬಂದರು. ಅವರಿಗೆ ಎಟುಕಲಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ಗಿಡ್ಡ ಮಾಡಿದೆ. ಗುರು ತಪ್ಪಿಸಿಕೊಂಡ! ಹಿಂದಿನಿಂದ "ಬೇಗ ಬೇಗ" ಎಂಬ ನೂಕು. ಅವಸರದಲ್ಲಿ ಕೊಳವೆಯನ್ನು ಅತ್ತ ಇತ್ತ ಆಡಿಸಿದೆ. ಗರಿಗಳ ಸಂದಿನಲ್ಲಿ ಝಗ್ಗೆಂದು ಬೆಳಕು! ತಿರುಪು ತಿರುಗಿಸಿ ಸ್ಪಷ್ಟ ಮಾಡಿಕೊಂಡೆ. ದುಂಡಗೆ, ಮೊದಲಿಗಿಂತ ಹತ್ತು ಪಟ್ಟು ದೊಡ್ಡದಾಗಿ ಹೊಳೆಯುತ್ತಿದ್ದ.

"ಈಗ ಫೋಕಸ್ ಸರಿಯಾಯ್ತು!" ಎಂದು ಘೋಷಿಸಿದೆ.

ಪುಟ್ಟತಾಯಮ್ಮ ನೋಡಿ ಕೈಮುಗಿದರು. ಮುಂದಿನವರೂ ಮುಗಿದರು. ಹದಿನೇಳು ಜನ ಹಾಗೆ ಕೈಮುಗಿದರು, ಅವರಲ್ಲೊಬ್ಬರು ತಪ್ಪು ಕಾಣಿಕೆಯ ಬಗ್ಗೆಯೂ ವಿಚಾರಿಸಿದರು. ನಾನು ಪಕ್ಕದಲ್ಲಿ ನಿಂತು, ಗುರುವಿನೊಳಗೆ ನಮ್ಮದರಂಥ ಸಾವಿರಕ್ಕೂ ಹೆಚ್ಚು ಭೂಮಿಗಳು ಹಿಡಿಸುತ್ತವೆಂದು ಉಪನ್ಯಾಸ ಮಾಡುತ್ತಿದ್ದೆ. ಪುಟ್ಟತಾಯಮ್ಮ ಎರಡನೆಯ ಸಲ ಬಂದು ಬಹಳ ಹೊತ್ತು ನೋಡಿದರು.

"ಸೆಕ್ರೆಟ್ರಪ್ಪ, ಗುರುವಿನ ಮೇಲೆ ಹಲ್ಲಿ ಹತ್ತೈತಲ್ಲ, ಏನಪ್ಪ ಫಲ?"

"ಹಲ್ಲಿ ಅಲ್ಲ ಅವ್ವ. ಗುರುವಿನ ಮೈಮೇಲೆ ಕಪ್ಪು ಪಟ್ಟೆಗಳಿರ್ತವೆ."

"ಪಟ್ಟೆ ಹುಳ ತಿಂತಾ ಐತೆ ಕಣಪ್ಪ."

ರಂಗಪ್ಪ ಮಂಡಿಯೂರಿ ನೋಡಿದರು. "ಥೂ! ಇದು ನಮ್ಮ ಕೊಬ್ಬರಿ ಅಟ್ಟದ ಬಲ್ಬು ಕಣ್ರಪ್ಪೋ! ಆರಿಸದೆ ಬಂದ್ಬುಟ್ಟಿವ್ನಿ!"

ಆಮೇಲೆ ಎದ್ದ ನಗು ಪಕ್ಕದ ಬೀದಿಗೂ ಕೇಳಿಸಿರಬೇಕು. ಪುಟ್ಟತಾಯಮ್ಮ ನೆಲಕ್ಕೇ ಕುಳಿತು ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ, ಆ ಗಳಿಗೆ ನನಗೆ ತುಂಬಾ ಹಿತವಾಗಿತ್ತು. "ಕೂತ್ಕೊಳಿ, ಕೂತ್ಕೊಳಿ, ಈಗ ನಿಜವಾದ ಗುರೂನ ತೋರಿಸ್ತೀನಿ" ಎಂದೆ. ಯಾರಿಗೂ ಬೇಕಿರಲಿಲ್ಲ. ಮನೆಗೆ ಹೋಗಿ ಈ ಸುದ್ದಿ ಹೇಳುವ ಅವಸರ ಎಲ್ಲರಿಗೂ. "ಬತ್ತೀವಿ ಕಣಪ್ಪ, ಬೆಳಿಗ್ಗೆ ಹಾಲಿಗೆ ಸಿಗ್ತೀವಲ್ಲ" ಎನ್ನುತ್ತ ಹೊರಟರು. ಐದು ನಿಮಿಷದಲ್ಲಿ ಹಿತ್ತಲು ಖಾಲಿ. ರಂಗಪ್ಪ ಹೋಗಿ ಬಲ್ಬನ್ನೂ ಆರಿಸಿದರು.

ಲೋಟಗಳನ್ನು ತೊಳೆದಿಟ್ಟು ಬಂದು, ಸ್ಟ್ಯಾಂಡಿನ ಕಾಲು ಎತ್ತರಿಸಿ ನೋಡಿದೆ. ಗುರು ಕಿಂಡಿಯ ನಟ್ಟನಡುವೆ ಇದ್ದ. ಅವನ ಇಕ್ಕೆಲದಲ್ಲಿ ಎರಡೆರಡರಂತೆ ನಾಲ್ಕು ಚಂದ್ರರು, ದಾರಕ್ಕೆ ಪೋಣಿಸಿದಷ್ಟು ನೇರವಾಗಿ. ಅಷ್ಟು ಚೆನ್ನಾಗಿ ನಾನು ಎಂದೂ ಕಂಡಿರಲಿಲ್ಲ.

ಸಾವಿತ್ರಿಗೆ ಫೋನ್ ಮಾಡಿದೆ. ಹಲ್ಲಿಯ ಕಥೆ ಕೇಳಿ ಅವಳು ನಕ್ಕಳು. ವಾರ್ಡಿನಲ್ಲಿ ಯಾರಿಗೂ ಕೇಳಿಸಬಾರದೆಂದು ಬಾಯಿಗೆ ಕೈ ಒತ್ತಿಕೊಂಡು ನಗುವ ನಗು.

"ಹೊರಗೆ ಬಾರೇ. ಮೂಡಣಕ್ಕೆ ನೋಡು, ಎಲ್ಲಕ್ಕಿಂತ ಜೋರಾಗಿ ಹೊಳೀತಿರೋದು."

"ಇರ್ರೀ, ಬಂದೆ... ಹ್ಞೂಂ, ಕಾಣ್ತಾ ಇದೆ."

ಒಂದು ಕಣ್ಣನ್ನು ಟೆಲಿಸ್ಕೋಪಿಗೆ, ಫೋನನ್ನು ಕಿವಿಗೆ ಇಟ್ಟು ಶುರುಮಾಡಿದೆ. ನಾಲ್ಕು ಚಂದ್ರರನ್ನು ಒಂದೊಂದಾಗಿ ವಿವರಿಸಿದೆ. ಜನ ಹೊರಟಾಗ ತಡೆಯಬೇಕೆನಿಸಿದ್ದನ್ನು ಹೇಳಿದೆ. ಒಬ್ಬನಿಗೇ ಸಾರು ಮಾಡುವುದು ಎಷ್ಟು ಕಷ್ಟ ಎಂದೆ. ಅವಳ ವರ್ಗದ ಅರ್ಜಿಯನ್ನು ಈ ಸಲ ನಾನೇ ಹಿಡಿದು ಓಡಾಡುತ್ತೇನೆ ಎಂದೆ. ಎರಡು ವರ್ಷದಿಂದ ಹೇಳದೆ ನುಂಗಿದ್ದೆಲ್ಲ ಬಂತು. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನ ಮಾತನ್ನು ಅವಳು ಇಷ್ಟು ತಾಳ್ಮೆಯಿಂದ ಕೇಳಿದ್ದೇ ಇಲ್ಲ! ನನ್ನ ಕಣ್ಣು ತುಂಬಿ ಗುರು ಮಸುಕಾದ.

"ಕೇಳಿಸ್ತಾ ಇದೆಯೇನೇ?" ಎಂದೆ. ಉತ್ತರವಿಲ್ಲ. ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

ಚಾರ್ಜು ಮುಗಿದು ಫೋನು ಆರಿಹೋಗಿತ್ತು. ಬಹುಶಃ ಮೊದಲನೆಯ ಚಂದ್ರನ ಹೊತ್ತಿಗೇ ಹೋಗಿರಬೇಕು!