ಹನ್ನೊಂದು ತಿಂಗಳು ನೇತಾಡಿದ ನಾಯಕ

ನನ್ನ ಕಾದಂಬರಿಯ ನಾಯಕ ಹನ್ನೊಂದು ತಿಂಗಳಿಂದ ಒಂದೇ ಕೈಯಲ್ಲಿ ಹಗ್ಗ ಹಿಡಿದು ನೇತಾಡುತ್ತಿದ್ದ. ಇನ್ನೊಂದು ಕೈಯಲ್ಲಿ ನಾಯಕಿ. ಮೇಲೆ ಹಿಮಾಚ್ಛಾದಿತ ಶೃಂಗ, ಕೆಳಗೆ ಅಗಾಧ ಕಂದರ, ಪಕ್ಕದಲ್ಲಿ ನನ್ನ ಗಂಡ.

ಇವರು ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲೇ ಅಂಥವರೊಬ್ಬರಿದ್ದೂ ನನ್ನ ಕಾದಂಬರಿ ಮಾತ್ರ ಮೇಲೇಳಲಿಲ್ಲ ಅನ್ನುವುದು ನನ್ನ ಹಣೆಬರಹ. (ನಾನು ಬೆಟ್ಟ ಕಂಡವಳಲ್ಲ, ನಿಜ. ಜೀವಮಾನದಲ್ಲಿ ಏರಿದ ಅತ್ಯುನ್ನತ ಶಿಖರ ಅಡುಗೆಮನೆಯ ಸ್ಟೂಲು. ಆದರೆ ಕಲ್ಪನೆ ಅಂತ ಒಂದಿದೆಯಲ್ಲ!)

ಒಂದು ಭಾನುವಾರ ಆ ಅಧ್ಯಾಯವನ್ನು ಇವರಿಗೂ ಅತ್ತೆಗೂ ಓದಿ ಹೇಳಿದೆ. ಓದುತ್ತಾ ನಾನೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ತಲೆ ಕೆರೆದುಕೊಂಡರು.

"ಹಗ್ಗ ಎಷ್ಟು ದಪ್ಪ?"

"ರೀ, ಅದು ಪ್ರೇಮದ ಸನ್ನಿವೇಶ!"

"ಪ್ರೇಮ ಇರ್ಲಿ ಕಣೇ. ಅವಳ ತೂಕ ಎಷ್ಟು?"

"ಹೂವಿನಂಥವಳು ಅಂತ ಬರೆದಿದ್ದೀನಲ್ಲ."

"ಹೂವಿಗೆ ಐವತ್ತೈದು ಕೆ.ಜಿ. ಹಾಕ್ಕೋ. ಅವನು ಎಪ್ಪತ್ತು. ಅಷ್ಟು ಭಾರ ಒಂದೇ ಕೈಲಿ ತಡ್ಕೊಂಡು ಎರಡು ಪುಟ ಮಾತಾಡ್ತಾನಾ? ಭುಜ ಕಿತ್ಕೊಂಡು ಬರುತ್ತೆ."

ಅತ್ತೆ ನಿಟ್ಟುಸಿರು ಬಿಟ್ಟರು. "ಬಿದ್ದೋಗ್ಲಿ ಬಿಡಮ್ಮ. ಪಾಪ, ಎಷ್ಟು ದಿನ ಅಂತ ನೇತಾಡ್ತಾನೆ?"

ತಿದ್ದಿದೆ. ಹಗ್ಗ ದಪ್ಪ ಮಾಡಿದರೆ ಮುಷ್ಟಿಗೆ ಹಿಡಿಯುವುದಿಲ್ಲ ಅಂದರು ಇವರು. ನಾಯಕಿಯನ್ನು ಎಂಟು ಕೆ.ಜಿ. ಇಳಿಸಿದೆ, ಒಪ್ಪಲಿಲ್ಲ. ಕೂತು ಅತ್ತುಬಿಟ್ಟೆ. ಇಪ್ಪತ್ತು ವರ್ಷ ಎಲ್ಲರ ಊಟದ ಡಬ್ಬಿ ಕಟ್ಟಿದ ಕೈ ಇದು. ನನ್ನದು ಅಂತ ಒಂದೇ ಒಂದು ಪುಸ್ತಕ ಕೇಳಿದ್ದು ತಪ್ಪೇ?

ಮರುದಿನ ಇವರು ಕೆಲಸಕ್ಕೆ ಹೋದ ಮೇಲೆ ಸತ್ಯಶೋಧನೆಗೆ ನಿಂತೆ. ಸೊಂಟಕ್ಕೆ, ನಾಯಕಿಯ ಬದಲು, ಹತ್ತು ಕೆ.ಜಿ. ಹಿಟ್ಟಿನ ಚೀಲ ಕಟ್ಟಿಕೊಂಡೆ. ಸ್ಟೂಲು ಹತ್ತಿ, ಅಟ್ಟದ ಅಂಚು ಹಿಡಿದು, ಕಾಲು ಮೇಲೆತ್ತಿದೆ. ನಾಯಕ ಹೇಳಬೇಕಾದ ಮಾತು, "ಪ್ರಿಯೆ, ಈ ಗಿರಿಶೃಂಗಗಳೇ ನಮಗೆ ಸಾಕ್ಷಿ." ನಾನು "ಪ್ರಿ" ಅನ್ನುವುದರೊಳಗೆ ನೆಲದಲ್ಲಿದ್ದೆ. ಚೀಲ ಒಡೆಯಿತು. ಹಿಮಪಾತ ಅಂದರೆ ಏನೆಂದು ಅವತ್ತು ಕಣ್ಣಾರೆ, ಬಾಯಾರೆ, ಮೂಗಾರೆ ಅನುಭವಿಸಿದೆ.

ಸದ್ದು ಕೇಳಿ ಅತ್ತೆ ಓಡಿ ಬಂದರು. "ಬಿದ್ನಾ?"

"ಯಾರು?"

"ನಿನ್ನ ನಾಯಕ."

"ನಾನು ಬಿದ್ದೆ ಅತ್ತೆ!"

ಸಂಜೆ ಇವರು ನಗಲಿಲ್ಲ. ಉಳುಕಿದ ಪಾದಕ್ಕೆ ಸುಮ್ಮನೆ ಪಟ್ಟಿ ಸುತ್ತಿದರು. ಅದೇ ಇನ್ನೂ ಅವಮಾನ. ಇನ್ನೂರ ಹತ್ತು ಹಾಳೆಗಳ ಕಟ್ಟನ್ನು ಇವರ ಮಡಿಲಿಗೆ ತಳ್ಳಿ ಹೇಳಿದೆ, "ನೀವು ಹೇಳಿದ್ದೇ ನಿಜ. ತಗೊಳ್ಳಿ, ನೀವೇ ಸರಿ ಮಾಡಿ. ನನ್ನ ಕೈಲಿ ಆಗಲ್ಲ."

ಇವರು ಅದನ್ನೂ ಒಂದು ರಿಪೇರಿ ಕೆಲಸ ಅಂತಲೇ ತಿಳಿದರು. ನಾಲ್ಕು ಭಾನುವಾರ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತರು. ಆಮೇಲೆ ತಾವೇ ಒಬ್ಬ ಪ್ರಕಾಶಕರಿಗೆ ಅಂಚೆಯಲ್ಲಿ ಕಳಿಸಿದರು. ನಾನು ತಿರುಗಿಯೂ ನೋಡಲಿಲ್ಲ. (ನೋಡಬೇಕಿತ್ತು.)

ಎರಡು ತಿಂಗಳಿಗೆ ಉತ್ತರ ಬಂತು. ಲಕೋಟೆ ನಾನೇ ಒಡೆದೆ.

"ತಮ್ಮ ಕಾದಂಬರಿಯನ್ನು ಪ್ರಕಟಿಸಲಾಗದೆಂದು ವಿಷಾದದಿಂದ ತಿಳಿಸುತ್ತೇವೆ. ಆದರೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮಹನೀಯರು ಯಾರು? 'ಇಲ್ಲಿಗೆ ಇಬ್ಬರೂ ಸತ್ತರು. ಮುಂದಿನ ಆರು ಪುಟ ಮಾತಾಡುತ್ತಿರುವುದು ಯಾರು?' ಎಂಬುದನ್ನು ಓದಿ ನಮ್ಮ ಕಚೇರಿಯೇ ನಕ್ಕು ಸುಸ್ತಾಯಿತು. ಅವರೊಂದು ಹಾಸ್ಯ ಪುಸ್ತಕ ಬರೆದುಕೊಟ್ಟರೆ ಕೂಡಲೇ ಅಚ್ಚು ಹಾಕುತ್ತೇವೆ."

"ಹಾಸ್ಯ ಎಲ್ಲಿ ಬರೆದೆ ನಾನು?" ಇವರು ನಿಜವಾಗಿಯೂ ಗಾಬರಿಯಾದರು. "ಇದ್ದ ದೋಷ ಬರೆದೆ, ಅಷ್ಟೆ."

ಗಾಬರಿ ಎರಡು ದಿನ ಇತ್ತು. ಮೂರನೆಯ ದಿನ ನನ್ನ ಮೇಜು ಇವರದಾಯಿತು. ಒಂದು ವಾರ ಖಾಲಿ ಹಾಳೆ ದಿಟ್ಟಿಸಿದರು. ಒಂದು ಅಕ್ಷರ ಹುಟ್ಟಲಿಲ್ಲ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ನಿನ್ನೆ ಅಡುಗೆಮನೆಗೆ ಬಂದರು. ಎಂದೂ ಇಲ್ಲದ ಮೃದು ದನಿಯಲ್ಲಿ ಅಂದರು, "ಏ, ಬಿಡುವಾದಾಗ ಇನ್ನೊಂದು ಬೆಟ್ಟದ ಕಾದಂಬರಿ ಬರ್ದುಕೊಡ್ತೀಯಾ? ಹೋದ ಸಲದ ಥರಾನೇ ಇರ್ಲಿ. ಅಂಚು ಮಾತ್ರ ಸ್ವಲ್ಪ ಅಗಲ ಬಿಡು."